ಕೊನೇ ಬೆಂಚಿಗೆ ಕೊಟ್ಟ ಮುನ್ನೂರು ವರ್ಷ

ಇಪ್ಪತ್ತಾರು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೀನಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲೂಕು ಬಿಟ್ಟು ಆಚೆ ನನಗೆ ವರ್ಗ ಆಗಲಿಲ್ಲ, ಆಗೋಕೆ ನಾನೂ ಬಿಡಲಿಲ್ಲ. ಮನೆ ಮಧುಗಿರಿಯಲ್ಲಿ, ಬಸ್ ಪಾಸು ವ್ಯಾನಿಟಿ ಬ್ಯಾಗಲ್ಲಿ, ಅಷ್ಟೇ ನನ್ನ ಜೀವನ. ಈಗ ಹೇಳೋದು ಯಾವ ಕಾಲೇಜಲ್ಲಿ ನಡೆದದ್ದು ಅಂತ ಕೇಳಬೇಡಿ, ಹೇಳಲ್ಲ. ತಪ್ಪು ಕಾಲೇಜಿನದಲ್ಲ, ನನ್ನದು. ಒಬ್ಬಳು ಹುಡುಗಿಯ ಬಾಯಿ ಮುಚ್ಚಿಸಿದೆ. ಅವಳಿಗೆ ಮುಂದೆ ಓದೋಕೆ ಒಂದು ದಾರಿ ತಾನಾಗಿ ಬಂದಾಗ ಅದನ್ನೂ ಅಡ್ಡ ನಿಂತು ತಪ್ಪಿಸಿದೆ. ಹೋದ ತಿಂಗಳು ಅವಳನ್ನ ಮತ್ತೆ ನೋಡಿದೆ. ಅವತ್ತಿಂದ ಊಟ ಸೇರ್ತಾ ಇಲ್ಲ, ಅದಕ್ಕೇ ಬರೀತಿದ್ದೀನಿ.

ಬಿ.ಎ. ಕೊನೇ ವರ್ಷಕ್ಕೆ ಐಚ್ಛಿಕ ಇಂಗ್ಲಿಷ್ ತಗೊಂಡ ಮಕ್ಕಳಿಗೆ ಒಂದು ಪೇಪರು ಇತ್ತು, ಇಂಗ್ಲಿಷ್ ಭಾಷೆಯ ಚರಿತ್ರೆ ಅಂತ. ಆ ಭಾಷೆ ಎಲ್ಲಿ ಹುಟ್ಟಿತು, ಯಾರ್ಯಾರ ಬಾಯಲ್ಲಿ ಬಿದ್ದು ಏನೇನಾಯಿತು ಅನ್ನೋದು ಅದರ ವಿಷಯ. ಮಕ್ಕಳಿಗೆ ಆ ಪೇಪರು ಅಂದರೆ ಜ್ವರ. ಇಂಗ್ಲಿಷ್ ಕಲಿಯೋದೇ ಸಾಕಾಗಿದೆ, ಇನ್ನು ಅದರ ಮುತ್ತಾತನ ಕಥೆ ಬೇರೆ ಓದಬೇಕಾ ಅಂತ ಗೊಣಗೋರು. ನಾನು ಮಾತ್ರ ನನ್ನ ಓದಿನ ಕಾಲದಲ್ಲಿ ಅದನ್ನ ಕಣ್ಣರಳಿಸಿಕೊಂಡು ಓದಿದ್ದೆ. ದೋಣಿಯಲ್ಲಿ ಸಮುದ್ರ ದಾಟಿ ಬಂದ ಒಂದಷ್ಟು ಒಕ್ಕಲು ಜನರ ಮಾತು ಅದು, ಮೊದಲಿಗೆ. ಮನೆ, ನೀರು, ಅಮ್ಮ, ಮಗಳು, ಇಂಥ ಪದಗಳು ಆ ಕಾಲದವು. ಆಮೇಲೆ ಪಾದ್ರಿಗಳ ಜೊತೆ ಲ್ಯಾಟಿನ್ ಬಂತು. ಬಡಗಲಿಂದ ಕೊಳ್ಳೆ ಹೊಡೆಯೋಕೆ ಬಂದೋರು ಅಲ್ಲೇ ಸಂಸಾರ ಹೂಡಿ ತಮ್ಮ ಮಾತನ್ನೂ ಬೆರೆಸಿದರು. ಇಂಗ್ಲಿಷಿನಲ್ಲಿ 'ಅವರು' ಅನ್ನೋದಕ್ಕೆ ಇವತ್ತು ಇರೋ ಪದ ಆ ಕೊಳ್ಳೆಗಾರರ ಕೊಡುಗೆ! ಆಮೇಲೆ ಫ್ರೆಂಚ್ ಆಡೋ ದೊರೆಗಳು ಬಂದು ಕೂತರು. ಅಚ್ಚಿನ ಮೊಳೆ ಬಂದು ಬರವಣಿಗೆ ಒಂದು ಕಡೆ ನಿಂತಿತು, ನಾಲಿಗೆ ನಿಲ್ಲದೆ ಮುಂದಕ್ಕೆ ಹೋಯಿತು. ಹಡಗು ಹತ್ತಿ ಇಲ್ಲಿಗೂ ಬಂದು ನಮ್ಮ ಚಟ್ನಿ, ಬಂಗಲೆ, ಲೂಟಿ ಎಲ್ಲ ಬಾಚಿಕೊಂಡಿತು. ನಮ್ಮ ಹಂಗೆ ಅವರಿಗೂ ನೀನು, ನೀವು ಅಂತ ಎರಡಿದ್ದವು. ಬರ್ತಾ ಬರ್ತಾ 'ನೀನು' ಬಿಟ್ಟೇ ಹೋಯಿತು, ದೊರೆಗೂ 'ನೀವು', ಮನೆ ನಾಯಿಗೂ 'ನೀವು'. ಇದನ್ನ ಓದಿದ ದಿನ ನಾನು ಒಬ್ಬಳೇ ಕೂತು ನಕ್ಕಿದ್ದು ನೆನಪಿದೆ.

ಆ ಖುಷಿಗೆ ಒಂದು ಕಾರಣ ಇತ್ತು. ನಾನು ಹೊಳವನಹಳ್ಳಿ ಪಕ್ಕದ ಹಳ್ಳಿಯೋಳು. ತುಮಕೂರಿನ ಹಾಸ್ಟೆಲ್ಲಿಗೆ ಹೋದ ಮೊದಲ ದಿನ ಟ್ರಂಕು ಇಳಿಸಿ, 'ಅಂತೂ ಬಂದ್ಬುಟ್ಟೆ ಕಣ್ರೇ' ಅಂದೆ. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಆಮೇಲೆ ಮೂರು ವರ್ಷ ನನ್ನ ಹೆಸರೇ ಬಂದ್ಬುಟ್ಟೆ ಆಗಿಹೋಯಿತು. ಬಚ್ಚಲ ಮನೆ ಕನ್ನಡಿ ಮುಂದೆ ನಿಂತು 'ಬಂದುಬಿಟ್ಟೆ, ಹೇಗೆ, ಹೀಗೆ, ಹಾಗೆ' ಅಂತ ನಾಲಿಗೆ ತಿರುಗಿಸಿ ತಿರುಗಿಸಿ ಕಲಿತೆ. ಅಂಥ ನನಗೆ, ಜಗತ್ತೆಲ್ಲ ಹೆದರೋ ಈ ಇಂಗ್ಲಿಷೂ ಒಂದು ಕಾಲಕ್ಕೆ ಹೊಲ ಉಳೋರ ಮಾತಾಗಿತ್ತು, ದೊಡ್ಡೋರು ಅದನ್ನ ಕೇಳಿ ಮೂಗು ಮುರೀತಿದ್ರು ಅಂತ ಗೊತ್ತಾದಾಗ ಎದೆ ಮೇಲಿನ ಕಲ್ಲು ಇಳಿದಂಗಾಯಿತು. ನೋಡಿ, ಈಗಲೂ ಅಂಗೇ ಬರುತ್ತೆ ನನ್ನ ಬಾಯಲ್ಲಿ, ಹುಷಾರಾಗಿ ಇಲ್ಲದಿದ್ದರೆ.

ಇಷ್ಟೆಲ್ಲ ಗೊತ್ತಿದ್ದ ನಾನು ಮೇಡಂ ಆದ ಮೇಲೆ ಏನು ಮಾಡಿದೆ? ಎಲ್ಲರೂ ಮಾಡೋದನ್ನೇ ಮಾಡಿದೆ. ಹಳೇ ಪ್ರಶ್ನೆಪತ್ರಿಕೆ ಹರಡಿಕೊಂಡು ಕೂತು, ಪದೇ ಪದೇ ಬಂದ ಪ್ರಶ್ನೆಗಳ ಪಕ್ಕ ನಕ್ಷತ್ರ ಹಾಕಿ, ಅಷ್ಟಕ್ಕೇ ನೋಟ್ಸ್ ಹೇಳಿ ಬರೆಸಿದೆ. ನಕ್ಷತ್ರ ಬಿದ್ದದ್ದು ಇಂಪಾರ್ಟೆಂಟು, ಬೀಳದ್ದು ಚಾಯ್ಸಲ್ಲಿ ಬಿಡೋದು. ಫ್ರೆಂಚ್ ದೊರೆಗಳ ಕಾಲದ ಮುನ್ನೂರು ವರ್ಷ ಇದೆಯಲ್ಲ, ಇಂಗ್ಲಿಷ್ ಕೋರ್ಟಿಲ್ಲದೆ ಕಚೇರಿಯಿಲ್ಲದೆ ಬರೀ ಒಲೆ ಮುಂದೆ, ಹೊಲದಲ್ಲಿ ಬದುಕಿಕೊಂಡ ಕಾಲ, ಅದರ ಮೇಲೆ ನಮ್ಮ ಪರೀಕ್ಷೆಯಲ್ಲಿ ನೆಟ್ಟಗೆ ಒಂದು ಪ್ರಶ್ನೆ ಬಂದದ್ದೇ ಇಲ್ಲ. ನಾನು ಅದನ್ನ ಚಾಯ್ಸಲ್ಲಿ ಬಿಟ್ಟೆ. ನನ್ನ ಮಕ್ಕಳಿಗೆ ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕಾಗಿದ್ದ ಭಾಗವನ್ನ, ವರ್ಷ ವರ್ಷ, ನಾನಾಗಿಯೇ ಬಿಟ್ಟೆ.

ಮಕ್ಕಳು ಅಂದರೆ ಎಂಥವರು! ಶಿರಾ ಕಡೆಯಿಂದ ಬರೋರು 'ಜಲ್ದಿ ಬರ್ಸಿ ಮೇಡಂ' ಅನ್ನೋರು. ಬುಕ್ಕಾಪಟ್ಟಣದ ಒಬ್ಬ ಇದ್ದ, ಎಲ್ಲದಕ್ಕೂ 'ಅದೆಂಗಾಯ್ತದೆ ಕಣ್ಲಾ' ಅಂತ ಪಕ್ಕದೋನ ಭುಜ ಗುದ್ದೋನು. ಪಾವಗಡದ ಬಸ್ಸಿಗೆ ಬರೋರ ಮಾತಲ್ಲಿ ಅರ್ಧ ತೆಲುಗು. ನಾನು ಒಬ್ಬೊಬ್ಬರನ್ನೂ ತಿದ್ದುತ್ತಿದ್ದೆ. 'ಕಾಲೇಜಲ್ಲಿ ಹಿಂಗೆಲ್ಲ ಮಾತಾಡಬೇಡ್ರೋ, ನಾಳೆ ನಾಲ್ಕು ಜನ ನಗ್ತಾರೆ' ಅಂತ. ನನ್ನ ಅವ್ವ ಊರಿಂದ ಫೋನು ಮಾಡಿದರೆ ಸ್ಟಾಫ್ ರೂಮಿಂದ ಎದ್ದು ಹುಣಸೇ ಮರದ ತನಕ ಹೋಗಿ ಮಾತಾಡಿ ಬರ್ತಿದ್ದೆ. ಇದನ್ನೂ ಹೇಳಿಬಿಡಬೇಕು.

ಆ ಹುಡುಗಿ ನಿಡುಗಲ್ ಬೆಟ್ಟದ ಕೆಳಗಿನ ಒಂದು ಹಳ್ಳಿಯೋಳು. ಮನೆಯಲ್ಲಿ ತೆಲುಗು, ಊರಲ್ಲಿ ಕನ್ನಡ, ಎರಡೂ ಹದವಾಗಿ ಕಲೆಸಿ ಆಡೋಳು. ಕೊನೇ ಬೆಂಚಿನ ಗೋಡೆ ಪಕ್ಕ ಅವಳ ಜಾಗ. ಬರೆಯೋದರಲ್ಲಿ ಜಾಣೆ, ಬಾಯಿ ತೆಗೆಯೋಕೆ ಮಾತ್ರ ಭಯ. ಒಂದು ದಿನ ಕಾರಿಡಾರಿನಲ್ಲಿ ನನ್ನ ಹಿಂದೆಯೇ ಬಂದಳು.

'ಮೇಡಂ, ನಾನು ಎಂ.ಎ. ಓದಬೋದಾ?'

'ಯಾಕೆ, ಏನಾಯ್ತು?'

'ಅಪ್ಪ ಕೇಳ್ತಾವ್ನೆ ಮೇಡಂ. ನಮ್ಮೋರಲ್ಲಿ ಯಾರೂ ಮನೆ ಬಿಟ್ಟು ದೂರ ಇದ್ದು ಓದಿಲ್ಲ. ಕಾಲೇಜಿನ ದೊಡ್ಡೋರು ಯಾರಾನಾ ಒಬ್ರು, ಇವಳು ಓದ್ತಾಳೆ, ಹಾಸ್ಟೆಲ್ ಕೊಡಿಸ್ತೀವಿ ಅಂತ ನನ್ ಎದುರಿಗೆ ಹೇಳ್ಲಿ, ಕಳಿಸ್ತೀನಿ ಅಂತಾವ್ನೆ. ಇಲ್ಲಾಂದ್ರೆ ಡಿಗ್ರಿಗೇ ಸಾಕು ಅಂತಾವ್ನೆ.'

ಒಂದು ಮಾತು. ಅವಳಿಗೆ ಬೇಕಾಗಿದ್ದದ್ದು ದೊಡ್ಡೋರ ಬಾಯಿಂದ ಒಂದೇ ಒಂದು ಮಾತು. ನಾನು ಕೈಯಲ್ಲಿ ಹಾಜರಿ ಪುಸ್ತಕ ಹಿಡಕೊಂಡು, 'ಮೊದಲು ನೆಟ್ಟಗೆ ಮಾತಾಡೋದು ಕಲಿ, ಆಮೇಲೆ ಎಂ.ಎ. ನೋಡೋಣ' ಅಂದೆ. ತಮಾಷೆಗೆ ಅಂದಂಗೆ ಅಂದೆ. ಅವಳು 'ಆಯ್ತು ಮೇಡಂ' ಅಂದು ಪಕ್ಕಕ್ಕೆ ಸರಿದಳು.

ಅದೇ ವರ್ಷ ಕಾಲೇಜಿಗೆ ತಪಾಸಣೆ ಬಂತು. ಹೊರಗಿನಿಂದ ಮೂವರು ಬಂದು ಎರಡು ದಿನ ಕೂತು ಕಾಲೇಜು ಹೆಂಗಿದೆ ಅಂತ ಬರೆದುಕೊಂಡು ಹೋಗ್ತಾರೆ. ತಿಂಗಳ ಮುಂಚೆಯೇ ಸುಣ್ಣ ಬಣ್ಣ, ಹೊಸ ಕುಂಡ, ಫೈಲುಗಳಿಗೆ ಲೇಬಲ್ಲು. ಪ್ರಿನ್ಸಿಪಾಲರು ಒಬ್ಬೊಬ್ಬರನ್ನೂ ಕರೆದು, 'ಕ್ಲಾಸಿಗೆ ಬಂದು ಕೂರ್ತಾರೆ, ಮಕ್ಕಳು ಪಟಪಟ ಅಂತ ಉತ್ತರ ಹೇಳಬೇಕು, ನೋಡ್ಕೊಳಿ' ಅಂದರು. ಹಂಗಂದರೆ ಏನು ಅಂತ ಎಲ್ಲರಿಗೂ ಗೊತ್ತು. ಯಾರು ಯಾವ ಪ್ರಶ್ನೆ ಕೇಳಬೇಕು, ಯಾರು ಏನು ಉತ್ತರ ಕೊಡಬೇಕು, ಎಲ್ಲ ಮೊದಲೇ ಹಂಚಿಬಿಡೋದು, ನಾಟಕದ ಪಾತ್ರ ಹಂಚಿದಂಗೆ.

ನಾನು ಇಂಗ್ಲಿಷಿನ ಒಂದೂವರೆ ಸಾವಿರ ವರ್ಷವನ್ನ ಬೆಂಚು ಬೆಂಚಿಗೆ ಹಂಚಿದೆ. ಮೊದಲ ಬೆಂಚಿಗೆ ದೋಣಿಯಲ್ಲಿ ಬಂದೋರು. ಎರಡನೇ ಬೆಂಚಿಗೆ ಲ್ಯಾಟಿನ್ ಪಾದ್ರಿಗಳು. ಮೂರನೆಯದಕ್ಕೆ ಕೊಳ್ಳೆಗಾರರು. ಕಿಟಕಿ ಪಕ್ಕದ ಬುಕ್ಕಾಪಟ್ಟಣದೋನಿಗೆ ಅಚ್ಚಿನ ಮೊಳೆ, ಅವನು ಗಟ್ಟಿ ಗಂಟಲಲ್ಲಿ ಹೇಳ್ತಿದ್ದ ಅಂತ. ಉಳಿದದ್ದು ಫ್ರೆಂಚ್ ದೊರೆಗಳ ಮುನ್ನೂರು ವರ್ಷ. ಹೆಂಗಿದ್ರೂ ಯಾರೂ ಕೇಳದ ಭಾಗ. ಅದನ್ನ ಎರಡು ಸಾಲು ಮಾಡಿ, ಗೋಡೆ ಪಕ್ಕದ ನಿಡುಗಲ್ ಹುಡುಗಿಗೆ ಕೊಟ್ಟೆ. ಫ್ರೆಂಚ್ ಆಡೋ ದೊರೆಗಳು ಬಂದರು. ಸಾವಿರಾರು ಫ್ರೆಂಚ್ ಪದಗಳು ಸೇರಿದವು. ಅಷ್ಟೇ. 'ಇಷ್ಟು ಹೇಳಿ ಕೂತ್ಕೋ, ಇನ್ನೇನೂ ಸೇರಿಸಬೇಡ' ಅಂತ ಎರಡು ಸಲ ಹೇಳಿದ್ದೆ. ಒಂದು ವಾರ ಮಕ್ಕಳು ಊಟದ ಹೊತ್ತಲ್ಲಿ, ಬಸ್ಸಲ್ಲಿ, ಎಲ್ಲಿ ನೋಡಿದರೂ ತಮ್ಮ ತಮ್ಮ ಶತಮಾನ ಬಾಯಿಪಾಠ ಮಾಡ್ತಾ ಓಡಾಡಿದರು.

ತಪಾಸಣೆಯ ದಿನ ನನ್ನ ಕ್ಲಾಸಿಗೆ ಬಂದದ್ದು ಮೂವರಲ್ಲಿ ಹಿರಿಯರು. ಬಿಳೀ ಕೂದಲು, ಕೈಯಲ್ಲಿ ಒಂದು ಪುಟ್ಟ ಡೈರಿ. ತೆಲುಗು ಸೀಮೆಯ ಯಾವುದೋ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮೇಷ್ಟ್ರು ಅಂತ ಪ್ರಿನ್ಸಿಪಾಲರು ಪರಿಚಯ ಮಾಡಿಸಿ ಹೋದರು. ನಾನು ಪ್ರಶ್ನೆ ಕೇಳ್ತಾ ಹೋದೆ, ಬೆಂಚುಗಳು ಉತ್ತರ ಹೇಳ್ತಾ ಹೋದವು. ಒಂದೂ ತಪ್ಪಲಿಲ್ಲ. ಮೇಷ್ಟ್ರ ಮುಖದಲ್ಲಿ ಒಂದು ಸಣ್ಣ ನಗು. ನಾಟಕ ಅಂತ ಅವರಿಗೆ ಗೊತ್ತಾಗಿಹೋಗಿತ್ತು ಅಂತ ನನಗೆ ಈಗ ಅನ್ನಿಸುತ್ತೆ. ನಮ್ಮ ಹುಡುಗಿ ಎದ್ದು ತನ್ನ ಎರಡು ಸಾಲು ಒಪ್ಪಿಸಿ ಕೂರೋಕೆ ಹೋದಳು.

'ಒಂದು ನಿಮಿಷ' ಅಂದರು ಮೇಷ್ಟ್ರು ಇಂಗ್ಲಿಷಿನಲ್ಲಿ. 'ದೊರೆಗಳು ಫ್ರೆಂಚ್ ಆಡ್ತಿದ್ರು ಅಂದೆಯಲ್ಲ, ಆ ಮುನ್ನೂರು ವರ್ಷ ಇಂಗ್ಲಿಷ್ ಎಲ್ಲಿತ್ತು?'

ಇದು ಹಂಚಿದ್ದರಲ್ಲಿ ಇರಲಿಲ್ಲ. ಅವಳು ನನ್ನ ಕಡೆ ನೋಡಿದಳು. ನಾನು ಕಣ್ಣಲ್ಲೇ ಕೂತ್ಕೋ ಅಂದೆ. ಅವಳು ಕೂರಲಿಲ್ಲ.

'ಕಿಚನ್ ಸರ್' ಅಂದಳು. 'ಕಿಚನ್ನಲ್ಲಿ, ಹೊಲದಲ್ಲಿ.' ಅಷ್ಟು ಹೇಳಿ ಒಂದು ಸಲ ಉಗುಳು ನುಂಗಿ ಶುರು ಮಾಡಿದಳು ನೋಡಿ, ಮೂರು ವರ್ಷದಲ್ಲಿ ನಾನು ಅವಳ ಬಾಯಲ್ಲಿ ಅಷ್ಟು ಮಾತು ಕೇಳಿರಲಿಲ್ಲ. ಅರ್ಧ ಇಂಗ್ಲಿಷು, ಸಿಗದಿದ್ದಲ್ಲಿ ಕನ್ನಡ, ಅದೂ ಸಿಗದಿದ್ದಲ್ಲಿ ತೆಲುಗು. 'ದೊಡ್ಡೋರಿಗೆ ಅದು ಬೇಡ ಸರ್, ಅದಕ್ಕೆ ಯಾರೂ ಅದನ್ನ ತಿದ್ದಲಿಲ್ಲ. ನಮ್ಮ ಇಂಟ್ಲೋ, ಮನೇಲಿ, ನಾಯನಮ್ಮ ಇದ್ದಾಳೆ ಸರ್, ಅಪ್ಪನ ಅಮ್ಮ. ಅವಳ ಮಾತು ಯಾವ ಬುಕ್ಕಲ್ಲೂ ಇಲ್ಲ. ಎಮ್ಮೆ ಜೊತೆ ಒಂದು ಥರ, ನಮ್ಮ ಜೊತೆ ಒಂದು ಥರ. ಉದ್ದ ಇರೋದನ್ನ ತುಂಡು ಮಾಡ್ತಾಳೆ, ಬೇಕಾದ್ದು ಎಲ್ಲಿಂದಾನಾ ತಗೋತಾಳೆ. ಇಂಗ್ಲಿಷೂ ಅಂಗೇ ಸರ್. ಮೇಷ್ಟ್ರು ಇಲ್ಲದಾಗ ಬೆಳ್ಕೊಂಡ್ತು. ಆಮೇಲೆ ದೊಡ್ಡೋರೇ ಬಂದು ಇಸ್ಕೊಂಡ್ರು.'

ದಪ್ಪ ದಪ್ಪ ಪುಸ್ತಕಗಳು ಹೇಳೋದು ಅದನ್ನೇ. ಬರೆಯೋರೂ ತಿದ್ದೋರೂ ಕಡಿಮೆಯಾದ ಆ ಕಾಲದಲ್ಲಿ ಇಂಗ್ಲಿಷ್ ತನ್ನ ಹಳೇ ಭಾರ ಕಳಚಿಕೊಂಡು, ಬೇರೆಯವರದನ್ನ ಧಾರಾಳವಾಗಿ ತಗೊಂಡು, ಇವತ್ತಿನ ರೂಪಕ್ಕೆ ತಿರುಗಿತು. ನಾನು ಕೊಟ್ಟ ಎರಡು ಸಾಲಿಂದ, ತನ್ನ ಅಜ್ಜಿಯನ್ನ ನೋಡಿ, ಅವಳು ಅಲ್ಲಿಗೆ ಮುಟ್ಟಿದ್ದಳು. ಅವತ್ತು ನನ್ನ ಕಿವಿಗೆ ಅದ್ಯಾವುದೂ ಬೀಳಲಿಲ್ಲ. ನನಗೆ ಕೇಳಿದ್ದು 'ಇಂಟ್ಲೋ', 'ಅಂಗೇ', 'ಎಮ್ಮೆ'. ಮುಂದಿನ ಬೆಂಚಲ್ಲಿ ಯಾರೋ ಕಿಸಕ್ಕಂದರು. ನನ್ನ ಮುಖಕ್ಕೆ ಬಿಸಿ ಏರಿತು, ಹಾಸ್ಟೆಲ್ ಕೋಣೆಯಲ್ಲಿ ಟ್ರಂಕು ಹಿಡಕೊಂಡು ನಿಂತಿದ್ದಾಗ ಏರಿದ ಅದೇ ಬಿಸಿ.

'ಸಾಕು, ಕೂತ್ಕೊಳಮ್ಮ!' ಅಂತ ಗದರಿದೆ. ಮೇಷ್ಟ್ರ ಕಡೆ ತಿರುಗಿ, 'ಕ್ಷಮಿಸಿ ಸರ್, ತೀರಾ ಹಳ್ಳಿ ಹುಡುಗಿ, ಮಾತು ಬರಲ್ಲ' ಅಂದೆ. ಅವಳು ಕೂತಳು. ಡೆಸ್ಕಿನ ಮೇಲೆ ಎರಡೂ ಕೈ ಇಟ್ಟುಕೊಂಡು, ತಪ್ಪು ಮಾಡಿದ ಒಂದನೇ ಕ್ಲಾಸಿನ ಮಗು ಕೂತಂಗೆ ಕೂತಳು. ಮೇಷ್ಟ್ರು ಏನೋ ಹೇಳೋಕೆ ಹೊರಟರು, ಅಷ್ಟರಲ್ಲಿ ಬೆಲ್ಲು ಹೊಡೀತು.

ಮಧ್ಯಾಹ್ನ ಊಟ ಆದ ಮೇಲೆ ಅವರು ಹುಡುಕಿಕೊಂಡು ನಮ್ಮ ಸ್ಟಾಫ್ ರೂಮಿಗೇ ಬಂದರು. ನಾನೊಬ್ಬಳೇ ಇದ್ದೆ. ಕುರ್ಚಿ ಎಳೆದು ಕೂತು, ಆ ಹುಡುಗಿ ಹೇಳಿದ್ದು ಪೂರ್ತಿ ಅರ್ಥವಾಯಿತು, ತೆಲುಗು ನನ್ನ ಮನೆ ಮಾತು ಅಂದರು. ಹಿಂಗೆ ಯೋಚನೆ ಮಾಡೋ ಮಕ್ಕಳು ಎಲ್ಲಿ ಸಿಗ್ತಾರೆ, ನಮ್ಮಲ್ಲಿಗೆ ಎಂ.ಎ.ಗೆ ಅರ್ಜಿ ಹಾಕಲಿ, ಹಾಸ್ಟೆಲ್ ವಿಚಾರ ಬೇಕಾದರೆ ಅವಳ ತಂದೆ ಹತ್ತಿರ ನಾನೇ ಮಾತಾಡ್ತೀನಿ ಅಂದರು. ಎಲ್ಲ ಮೆಲ್ಲಗೆ, ಸಮಾಧಾನವಾಗಿ. ಆಮೇಲೆ ಎದ್ದು ನಿಂತು, 'ಎಲ್ಲಿದ್ದಾಳೆ ಅವಳು? ಸ್ವಲ್ಪ ಕರೀರಿ' ಅಂದರು.

ಅವಳು ಕಾಂಪೌಂಡಿನೊಳಗೇ ಇದ್ದಳು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು, ನನಗೆ ಗೊತ್ತಿತ್ತು. ಕರೆಸಿದರೆ ಮೇಷ್ಟ್ರು ಅವಳ ಜೊತೆ ತೆಲುಗಲ್ಲೇ ಮಾತಿಗೆ ಕೂರ್ತಾರೆ, ಅವಳು ಸುಳ್ಳು ಹೇಳೋಳಲ್ಲ, ನಾನು ಶತಮಾನ ಹಂಚಿದ್ದೆಲ್ಲ ಒಂದೇ ಉಸಿರಿಗೆ ಹೇಳಿಬಿಡ್ತಾಳೆ, ನನ್ನ ಮರ್ಯಾದೆ ಮೂರು ಕಾಸಿಗೆ ಹೋಗುತ್ತೆ. ಇಷ್ಟು ಯೋಚನೆ ಕಣ್ಣು ಮಿಟುಕಿಸೋದರಲ್ಲಿ ಬಂತು.

'ಅಯ್ಯೋ, ಅವಳು ಪಾವಗಡದ ಬಸ್ಸಿಗೆ ಹೋಗಿಬಿಟ್ಟಳು ಸರ್' ಅಂದೆ.

ಅವರು ಒಂದು ಚೀಟಿಯಲ್ಲಿ ಫೋನ್ ನಂಬರ್ ಬರೆದುಕೊಟ್ಟರು, ನಾಳೆ ಕೊಡಿ ಅಂದರು. ಖಂಡಿತ ಸರ್ ಅಂದೆ. ನಾಳೆ ಕೊಟ್ಟರೆ, ನಿನ್ನೆಯೇ ಯಾಕೆ ಕರೀಲಿಲ್ಲ ಅಂತ ಅವಳು ಕೇಳಿದರೆ? ನಾಡಿದ್ದು ಕೊಡೋಣ ಅಂದುಕೊಂಡೆ. ಹಂಗೇ ಒಂದು ವಾರ ಆಯಿತು, ತಿಂಗಳಾಯಿತು. ಪರೀಕ್ಷೆ ಮುಗಿದ ದಿನ ಚೀಟಿ ಹರಿದು ಹಾಕಿದೆ. ಕೈ ನಡುಗಿತು ಅಂತ ಬರೆದುಕೊಂಡರೆ ಚೆನ್ನಾಗಿರುತ್ತೆ, ಆದರೆ ನಡುಗಲಿಲ್ಲ. ಒಂದು ತಲೆನೋವು ಹೋಯಿತು ಅಂದುಕೊಂಡೆ. ಅವಳು ಫಸ್ಟ್ ಕ್ಲಾಸಲ್ಲಿ ಪಾಸಾದಳು. ಆ ಕೊನೇ ತಿಂಗಳುಗಳಲ್ಲಿ ಹಾಜರಿಗೆ 'ಎಸ್ ಮೇಡಂ' ಅನ್ನೋದು ಬಿಟ್ಟು ಬೇರೆ ಒಂದು ಮಾತೂ ಆಡಿರಲಿಲ್ಲ. ಎಂ.ಎ.ಗೆ ಹೋಗಲಿಲ್ಲ ಅಂತ ಆಮೇಲೆ ಯಾರೋ ಹೇಳಿದರು.

ನಿವೃತ್ತಿ ಆದ ಮೇಲೆ ಹಗಲು ಉದ್ದ. ಎಲ್ಲಿ ಕೂತರೂ ಅವಳು ಡೆಸ್ಕಿನ ಮೇಲೆ ಕೈ ಇಟ್ಟುಕೊಂಡು ಕೂತದ್ದು ಕಣ್ಣಿಗೆ ಕಟ್ಟುತ್ತಿತ್ತು. ಹೋದ ತಿಂಗಳು ಪಾವಗಡಕ್ಕೆ ನೆಂಟರ ಮನೆಗೆ ಹೋದಾಗ ವಿಚಾರಿಸಿದೆ. ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟವ್ಳೆ, ಆನ್‌ಲೈನ್ ಅರ್ಜಿ ತುಂಬಿಕೊಡ್ತಾಳೆ ಅಂದರು. ಹೋದೆ. ಈ ಸಲ ಹೇಳಿಯೇ ಬರಬೇಕು ಅಂತ ಗಟ್ಟಿ ಮನಸ್ಸು ಮಾಡಿಕೊಂಡೇ ಹೋದೆ.

ನನ್ನನ್ನ ನೋಡಿದ್ದೇ ಎದ್ದು ನಿಂತಳು. 'ಅಯ್ಯೋ ಮೇಡಂ! ಬನ್ನಿ ಮೇಡಂ, ಕೂತ್ಕೊಳಿ ಮೇಡಂ' ಅಂತ ಪ್ಲಾಸ್ಟಿಕ್ ಕುರ್ಚಿಯನ್ನ ಸೆರಗಲ್ಲಿ ಒರೆಸಿದಳು. ಟೀ ಹೇಳಿದಳು. ಅವಳ ಕನ್ನಡ ಈಗ ನೆಟ್ಟಗಿತ್ತು. ಇಸ್ತ್ರಿ ಮಾಡಿದಂಥ ಕನ್ನಡ, ನನ್ನದೇ ಕನ್ನಡ. ಕಂಪ್ಯೂಟರಿನಲ್ಲಿ ಜನರ ಅರ್ಜಿಗಳನ್ನ ಇಂಗ್ಲಿಷಿನಲ್ಲಿ ಒಂದಾದ ಮೇಲೊಂದು ತುಂಬುತ್ತಿದ್ದಳು, ಬಾಯಿ ಬಿಡದೆ.

ಅಂಗಡಿ ಒಳಗಿಂದ ನಾಲ್ಕು ವರ್ಷದ ಮಗಳು ಟಿಫಿನ್ ಡಬ್ಬಿ ಹಿಡಕೊಂಡು ಓಡಿ ಬಂತು. 'ಮಮ್ಮೀ, ಇದು ಓಪನ್ ಚೇಸಿ ಕೊಡು, ನಂಗೆ ಆಕಲಿ ಆಯ್ತದೆ!' ಡಬ್ಬಿ ತೆಗೆಯೋಕೆ ಇಂಗ್ಲಿಷು, ಹಸಿವಿಗೆ ತೆಲುಗು, ಉಳಿದದ್ದು ಕನ್ನಡ, ಮೂರು ಭಾಷೆ ಒಂದೇ ಉಸಿರಲ್ಲಿ. ನನಗೆ ಆ ಮಗುವನ್ನ ಬಾಚಿ ತಬ್ಬಿಕೊಳ್ಳೋ ಹಂಗಾಯಿತು. ಅವಳು ಮಗಳ ಬಾಯಿ ಮೇಲೆ ಕೈ ಇಟ್ಟಳು. 'ಶ್! ಮೇಡಂ ಮುಂದೆ ಹಾಗೆಲ್ಲ ಮಾತಾಡಬಾರದು. ಬಂದರೆ ಸರಿಯಾಗಿ ಮಾತಾಡು, ಇಲ್ಲಾಂದ್ರೆ ಸುಮ್ಮನೆ ಇರು.' ಮಗು ಸುಮ್ಮನಾಯಿತು. ಡಬ್ಬಿ ತೆಗೆದು ಕೊಟ್ಟ ಮೇಲೂ ಸುಮ್ಮನೇ ತಿಂದಿತು.

ತಡೆಯೋಕಾಗಲಿಲ್ಲ. 'ನಿನ್ನ ಹತ್ತಿರ ಒಂದು ತಪ್ಪು ಒಪ್ಪಿಕೊಳ್ಳಬೇಕು ಕಣಮ್ಮ' ಅಂದೆ. 'ಅವತ್ತು ತಪಾಸಣೆಗೆ ಬಂದ ಮೇಷ್ಟ್ರು ನಿನ್ನನ್ನ ಕರೀರಿ ಅಂದ್ರು. ನೀನು ಇದ್ದೆ. ನಾನು ಬಸ್ಸಿಗೆ ಹೋದಳು ಅಂತ ಸುಳ್ಳು ಹೇಳಿದೆ.'

'ಗೊತ್ತು ಮೇಡಂ' ಅಂದಳು. 'ಊಟದ ಡಬ್ಬಿ ತೊಳೆಯೋಕೆ ಬಂದಿದ್ದೆ, ಆಗ ಕಿಟಕಿಯಿಂದ ಕೇಳಿಸ್ತು. ಅವರು ಎಲ್ಲಿದ್ದಾಳೆ ಅವಳು ಅಂದ್ರು, ನೀವು ಹೋಗಿಬಿಟ್ಟಳು ಅಂದ್ರಿ. ನಾನು ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟೆ ಮೇಡಂ. ಅಷ್ಟೆಲ್ಲ ಹುಚ್ಚುಚ್ಚಾಗಿ ಮಾತಾಡಿ ನಿಮ್ಮ ಹೆಸರು ಕೆಡಿಸಿದ್ರೂ, ಅವರ ಮುಂದೆ ಮತ್ತೆ ನಿಲ್ಲಿಸಿ ನನ್ನ ಮಾನ ಕಳೀಲಿಲ್ಲ ನೀವು. ನನ್ನ ಮಗಳಿಗೂ ಹೇಳ್ತಿರ್ತೀನಿ, ನಮ್ಮ ಮೇಡಂ ಅಂದ್ರೆ ಹಾಗಿದ್ರು ಅಂತ.'

'ಅಲ್ಲ ಕಣೇ, ಕೇಳಿಲ್ಲಿ' ಅಂದೆ. 'ಬಯ್ಯೋಕೆ ಕರೀಲಿಲ್ಲ ಅವರು. ನೀನು ಹೇಳಿದ್ದು ಸರಿ ಇತ್ತು. ಎಲ್ಲ ಸರಿ ಇತ್ತು. ಎಂ.ಎ.ಗೆ ಅರ್ಜಿ ಹಾಕು, ನಿಮ್ಮ ಅಪ್ಪನ ಹತ್ತಿರ ನಾನೇ ಮಾತಾಡ್ತೀನಿ ಅನ್ನೋಕೆ ಕರೆದದ್ದು. ನಂಬರೂ ಕೊಟ್ಟಿದ್ರು. ನಾನೇ ಕೊಡಲಿಲ್ಲ.'

ಅವಳು ನಕ್ಕಳು. ಬೇಜಾರಿಲ್ಲದ, ಮಗುವನ್ನ ಸಮಾಧಾನ ಮಾಡುವಾಗ ನಗೋ ನಗು.

'ಬಿಡಿ ಮೇಡಂ, ನನ್ನ ಸಮಾಧಾನಕ್ಕೆ ಹೇಳ್ತೀರ. ಹಾಗೆ ಮಾತಾಡೋಳನ್ನ ಯಾರು ಮೇಡಂ ಕರೀತಾರೆ?' ಅಂದಳು. ಟೀ ಲೋಟ ನನ್ನ ಕೈಗೆ ಕೊಟ್ಟು, ಹೊರಗೆ ಕಾಯ್ತಾ ನಿಂತಿದ್ದೋರ ಕಡೆ ತಿರುಗಿ ಅರ್ಜಿಗೆ ಕೈ ಚಾಚಿದಳು.